ಗೇಮ್ ಬಾಯ್ ಹಿಡಿದು ಜನರನ್ನು ಕುಣಿಸಬೇಕೆ? ಯಾವ ಸಾಫ್ಟ್‌ವೇರ್, ಯಾವ ಯಂತ್ರ ಎಂದು ಆರಿಸುವುದು ಹೇಗೆ

ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಮೊದಲು ಜಪಾನಿನ ಅಂಗಡಿಗಳಿಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ. ಮಕ್ಕಳ ಆಟಕ್ಕೆಂದು ಮಾಡಿದ ಆ ಬೂದು ಬಣ್ಣದ ಡಬ್ಬಿಯನ್ನೇ ಹಿಡಿದು ಇವತ್ತಿಗೂ ಸಂಗೀತಗಾರರು ವೇದಿಕೆ ಹತ್ತುತ್ತಾರೆ. ಎದುರಿಗೆ ನಿಂತವರು ಕುಣಿಯುತ್ತಾರೆ. ಈ ಸಂಗೀತಕ್ಕೆ ಚಿಪ್‌ಟ್ಯೂನ್ ಎಂದು ಹೆಸರು. ನ್ಯೂಯಾರ್ಕಿನಲ್ಲಿ 2006ರಲ್ಲಿ ಶುರುವಾಗಿ 2012ರವರೆಗೆ ನಡೆದ ಬ್ಲಿಪ್ ಫೆಸ್ಟಿವಲ್ ಇದರ ದೊಡ್ಡ ಹಬ್ಬವಾಗಿತ್ತು. ಅಮೆರಿಕದ ನಲ್‌ಸ್ಲೀಪ್ ಮತ್ತು ಬಿಟ್ ಶಿಫ್ಟರ್, ಉತ್ತರ ಐರ್ಲೆಂಡಿನ ಚಿಪ್‌ಝೆಲ್ ಮೊದಲಾದವರು ಗೇಮ್ ಬಾಯ್ ಅನ್ನೇ ವಾದ್ಯ ಮಾಡಿಕೊಂಡು ಹೆಸರು ಮಾಡಿದರು.

ಇದಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು, ಯಾವ ಗೇಮ್ ಬಾಯ್ ತಗೊಳ್ಳಲಿ ಅಂತ. ಆ ಪ್ರಶ್ನೆ ಆಮೇಲೆ ಕೇಳಿ. ವೇದಿಕೆಯ ಮೇಲೆ ನಿಮ್ಮ ಬೆರಳುಗಳು ಏನು ಮಾಡಬೇಕು ಎನ್ನುವುದನ್ನು ಮೊದಲು ತೀರ್ಮಾನ ಮಾಡಿ. ಮನೆಯಲ್ಲೇ ಹಾಡು ಕಟ್ಟಿಟ್ಟುಕೊಂಡು, ಅಲ್ಲಿ ಅದನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತೀರಾ? ಅಥವಾ ಏನೂ ಇಲ್ಲದೆ ಹೋಗಿ, ಅಲ್ಲೇ ಒಂದೊಂದಾಗಿ ಬೀಟ್ ಜೋಡಿಸುತ್ತೀರಾ? ಉತ್ತರ ಸಿಕ್ಕರೆ ಸಾಫ್ಟ್‌ವೇರ್ ಯಾವುದು ಅಂತ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಗೊತ್ತಾದರೆ ಯಂತ್ರದ ಪ್ರಶ್ನೆ ಅರ್ಧ ಮುಗಿದಂತೆಯೇ.

ಇರುವುದು ನಾಲ್ಕೇ ದನಿ

ಯಾವುದನ್ನೇ ಆರಿಸಿ, ಹಳೆಯ ಗೇಮ್ ಬಾಯ್‌ನಲ್ಲಿ ಸಿಗುವುದು ನಾಲ್ಕು ಚಾನೆಲ್ ಮಾತ್ರ. ಎರಡು ಪಲ್ಸ್ ಚಾನೆಲ್, ಒಂದು ವೇವ್ ಚಾನೆಲ್, ಒಂದು ನಾಯ್ಸ್ ಚಾನೆಲ್. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಈ ಧ್ವನಿ ವ್ಯವಸ್ಥೆಯನ್ನು ರೂಪಿಸಿದವರು ನಿಂಟೆಂಡೊದ ಹಿರೊಕಾಜು ತನಾಕ. ಆಟಗಳಿಗೆ ಸಂಗೀತ ಕೊಟ್ಟವರೂ ಅವರೇ. ಎಷ್ಟೋ ವರ್ಷಗಳ ನಂತರ ಚಿಪ್ ತನಾಕ ಎಂಬ ಹೆಸರಿನಲ್ಲಿ ತಾವೇ ವೇದಿಕೆ ಹತ್ತಿ ನುಡಿಸತೊಡಗಿದರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ವಿಷಯ ಇದು.

ಪಲ್ಸ್ ಚಾನೆಲ್‌ಗಳು ರಾಗಕ್ಕೆ. ಅಲೆಯ ಅಗಲವನ್ನು ಶೇ 12.5, 25, 50, 75 ಎಂದು ನಾಲ್ಕು ಬಗೆಯಲ್ಲಿ ಬದಲಿಸಬಹುದು. 12.5 ಸಣ್ಣಗೆ, ಚೂಪಾಗಿ ಕೇಳುತ್ತದೆ. 50 ದುಂಡಗೆ, ತುಂಬಿಕೊಂಡು ಕೇಳುತ್ತದೆ. ನಾಯ್ಸ್ ಚಾನೆಲ್ ಸ್ನೇರ್, ಹೈಹ್ಯಾಟ್ ಎಂಬ ಡ್ರಮ್ ಸದ್ದುಗಳಿಗೆ.

ಕುಣಿಸುವ ಸಂಗೀತದ ಜೀವ ಇರುವುದು ವೇವ್ ಚಾನೆಲ್‌ನಲ್ಲಿ. ಇದರಲ್ಲಿ ಅಲೆಯ ಆಕಾರವನ್ನು ನೀವೇ ಬರೆಯಬಹುದು. 32 ಬಿಂದುಗಳು, ಪ್ರತಿ ಬಿಂದುವಿಗೆ 16 ಮಟ್ಟ, ಅಷ್ಟೇ ಜಾಗ. ದಪ್ಪನೆಯ ಬೇಸ್, ಅಂದರೆ ತಗ್ಗಿನ ಸ್ವರ, ಬರುವುದು ಇಲ್ಲಿಂದ. ಎದೆಗೆ ಬಡಿಯುವ ಕಿಕ್ ಎಂಬ ಡ್ರಮ್ ಏಟು ಕೂಡ ಇಲ್ಲಿಂದಲೇ: ಒಂದು ಸ್ವರವನ್ನು ಮೇಲೆ ಶುರುಮಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಪಾತಾಳಕ್ಕೆ ಇಳಿಸಿದರೆ ಕಿಕ್ ಆಯಿತು. ಚಾನೆಲ್ ಒಂದೇ ಆದ್ದರಿಂದ ಕಿಕ್ ಬಂದಾಗ ಬೇಸ್ ನಿಲ್ಲಲೇಬೇಕು. ಕೊರತೆ ಅನ್ನಿಸಬಹುದು, ಅಲ್ವಾ? ಆದರೆ ಕ್ಲಬ್ ಸಂಗೀತ ಮಾಡುವವರು ಕಂಪ್ಯೂಟರ್‌ನಲ್ಲಿ ಕಷ್ಟಪಟ್ಟು ಮಾಡುವ ಕೆಲಸವೇ ಇದು. ಕಿಕ್ ಬಿದ್ದಾಗ ಬೇಸ್ ಕುಗ್ಗುವುದು, ಮತ್ತೆ ಉಕ್ಕಿ ಬರುವುದು. ಗೇಮ್ ಬಾಯ್‌ನಲ್ಲಿ ಅದು ತಾನಾಗಿಯೇ ಆಗುತ್ತದೆ.

ಎಲ್‌ಎಸ್‌ಡಿಜೆ, ನ್ಯಾನೊಲೂಪ್, ಎಂಜಿಬಿ

ಲಿಟಲ್ ಸೌಂಡ್ ಡೀಜೆ, ಎಲ್ಲರ ಬಾಯಲ್ಲಿ ಎಲ್‌ಎಸ್‌ಡಿಜೆ. ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ 2000ದ ಹೊತ್ತಿಗೆ ಮಾಡಿದ ಪ್ರೋಗ್ರಾಂ ಇದು. ಇದು ಟ್ರ್ಯಾಕರ್ ಜಾತಿಯದು. ಸ್ವರಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಂತಿರುತ್ತವೆ. 16 ಸಾಲು ಸೇರಿದರೆ ಒಂದು ಫ್ರೇಸ್, ಫ್ರೇಸ್‌ಗಳು ಸೇರಿದರೆ ಚೈನ್, ಚೈನ್‌ಗಳು ಸೇರಿದರೆ ಹಾಡು. ಅಂಕಿಗಳೆಲ್ಲ ಹೆಕ್ಸಾಡೆಸಿಮಲ್, ಅಂದರೆ 9ರ ನಂತರ ಎ, ಬಿ, ಸಿ ಎಂದು ಎಫ್‌ವರೆಗೆ. ಮೊದಲ ವಾರ ತಲೆ ಕೆಡುತ್ತದೆ. ಆಮೇಲೆ ಬೆರಳಿಗೇ ಅಭ್ಯಾಸವಾಗುತ್ತದೆ.

ಕುಣಿತದ ಸಂಗೀತಕ್ಕೆ ನಾನು ಮೊದಲು ಹೇಳುವುದು ಇದರ ಹೆಸರನ್ನೇ. ಕಾರಣ ಅದರ ಲೈವ್ ಮೋಡ್. ಇದರಲ್ಲಿ ಪ್ರತಿ ಚಾನೆಲ್‌ನ ಚೈನ್ ಅನ್ನು ಬೇರೆ ಬೇರೆಯಾಗಿ ಶುರು ಮಾಡಬಹುದು. ಒಂದು ಚೈನ್ ಓಡುತ್ತಿರುವಾಗ ಇನ್ನೊಂದನ್ನು ಆರಿಸಿ ಸ್ಟಾರ್ಟ್ ಒತ್ತಿದರೆ, ಮೊದಲನೆಯದು ಮುಗಿದ ಮೇಲೆ ತಾಳ ತಪ್ಪದೆ ಅದು ಶುರುವಾಗುತ್ತದೆ. ಬಿ ಮತ್ತು ಸೆಲೆಕ್ಟ್ ಒಟ್ಟಿಗೆ ಒತ್ತಿದರೆ ಆ ಚಾನೆಲ್ ಮೌನ. ಕಿಕ್ ತೆಗೆದು, ನಾಯ್ಸ್ ಮಾತ್ರ ಉಳಿಸಿ, ಜನರನ್ನು ಸ್ವಲ್ಪ ಕಾಯಿಸಿ, ಮತ್ತೆ ಕಿಕ್ ಬಿಡುವುದು ಎರಡು ಗುಂಡಿಗಳ ಕೆಲಸ. ಇದರ ಸುಖ ಒಮ್ಮೆ ಉಂಡವರಿಗೇ ಗೊತ್ತು.

ಅದರ ಒಂದು ತೊಡಕನ್ನೂ ಹೇಳಬೇಕು. ಹೊಸ ಹಾಡನ್ನು ಮೆಮೊರಿಯಿಂದ ತೆರೆಯುವಾಗ ಸಂಗೀತ ನಿಲ್ಲುತ್ತದೆ. ಒಂದೇ ಯಂತ್ರ ಇದ್ದರೆ ಎರಡು ಹಾಡುಗಳ ನಡುವೆ ಮೌನ ಖಾಯಂ. ಕುಣಿಯುವವರ ಮುಂದೆ ಆ ಮೌನ ತುಂಬಾ ಉದ್ದ. ಅದಕ್ಕೆಂದೇ ಎಷ್ಟೋ ಜನ ಎರಡು ಗೇಮ್ ಬಾಯ್ ಇಟ್ಟುಕೊಂಡು, ನಡುವೆ ಡೀಜೆ ಮಿಕ್ಸರ್ ಹಾಕುತ್ತಾರೆ. ಒಂದರಲ್ಲಿ ಹಾಡು ನಡೆಯುತ್ತಿರುವಾಗ ಇನ್ನೊಂದರಲ್ಲಿ ಮುಂದಿನದು ಸಿದ್ಧವಾಗುತ್ತದೆ. ಲಿಂಕ್ ಕೇಬಲ್ ಹಾಕಿ ಎರಡನ್ನೂ ಒಂದೇ ತಾಳಕ್ಕೆ ಕಟ್ಟಲೂಬಹುದು. ಆಗ ನಾಲ್ಕು ಚಾನೆಲ್ ಎಂಟಾಗುತ್ತವೆ. ಒಂದೇ ಯಂತ್ರ ಸಾಕು ಎನ್ನುವವರಿಗೆ ಇನ್ನೊಂದು ದಾರಿ ಇದೆ: ಹಲವು ಹಾಡುಗಳನ್ನು ಒಂದೇ ಫೈಲಿನಲ್ಲಿ ಮೇಲೆ ಕೆಳಗೆ ಬರೆದುಕೊಳ್ಳುವುದು. ಜಾಗ ಬೇಗ ತುಂಬುತ್ತದೆ, ಆದರೆ ಮೌನ ಬರುವುದಿಲ್ಲ.

ನ್ಯಾನೊಲೂಪ್ ಇದಕ್ಕಿಂತ ಹಳೆಯದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಲಾ ವಿದ್ಯಾರ್ಥಿಯಾಗಿದ್ದ ಒಲಿವರ್ ವಿಟ್‌ಚೋವ್ 1998ರಲ್ಲಿ ಇದನ್ನು ಮಾಡಿದರು. ತೆರೆಯ ಮೇಲೆ ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು 16 ಚೌಕ. ಒಂದೊಂದು ಚೌಕವೂ ತಾಳದ ಒಂದು ಹೆಜ್ಜೆ. ಸಂಗೀತ ಓಡುತ್ತಿರುವಾಗಲೇ ಚೌಕದಲ್ಲಿ ಸ್ವರ ಇಡುತ್ತೀರಿ, ತೆಗೆಯುತ್ತೀರಿ, ಅದರ ದನಿ ತಿರುಗಿಸುತ್ತೀರಿ. ಅಂಕಿಗಳ ಗೋಡೆ ಇಲ್ಲ. ಕಣ್ಣಿಗಿಂತ ಕಿವಿಯೇ ಮುಂದೆ ಹೋಗುತ್ತದೆ. ನಿಧಾನವಾಗಿ ಬದಲಾಗುತ್ತಾ ಹೋಗುವ ಟೆಕ್ನೊ, ಮಿನಿಮಲ್ ಶೈಲಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಪಲ್ಲವಿ ಬೇಕು, ನಡುವೆ ತಿರುವು ಬೇಕು, ಕೊನೆಗೆ ದೊಡ್ಡ ಏರಿಕೆ ಬೇಕು ಎನ್ನುವವರಿಗೆ ಮಾತ್ರ ಇಕ್ಕಟ್ಟು ಅನ್ನಿಸುತ್ತದೆ.

ಏನೂ ಸಿದ್ಧತೆ ಇಲ್ಲದೆ ವೇದಿಕೆಯಲ್ಲೇ ಕಟ್ಟುವ ಆಸೆ ಇದ್ದರೆ ನ್ಯಾನೊಲೂಪ್ ಆರಿಸಿ. ಎಲ್‌ಎಸ್‌ಡಿಜೆಯಲ್ಲೂ ಹಾಗೆ ಮಾಡುವವರು ಇದ್ದಾರೆ, ಆದರೆ ಅದಕ್ಕೆ ವರ್ಷಗಳ ಕೈ ಪಳಗಿಕೆ ಬೇಕು.

ಎಂಜಿಬಿ ಇನ್ನೊಂದು ದಾರಿ. ಇದನ್ನು ಹಾಕಿದರೆ ಗೇಮ್ ಬಾಯ್ ಬರೀ ದನಿ ಪೆಟ್ಟಿಗೆ ಆಗುತ್ತದೆ. ಸ್ವರಗಳು ಹೊರಗಿನ ಕೀಬೋರ್ಡ್‌ನಿಂದಲೋ ಲ್ಯಾಪ್‌ಟಾಪ್‌ನಿಂದಲೋ ಮಿಡಿ ಎಂಬ, ಎಲೆಕ್ಟ್ರಾನಿಕ್ ವಾದ್ಯಗಳನ್ನು ಬೆಸೆಯುವ ವ್ಯವಸ್ಥೆಯ ಮೂಲಕ ಬರುತ್ತವೆ. ನಡುವೆ ಆರ್ಡುಯಿನೊಬಾಯ್ ಎಂಬ ಸಣ್ಣ ಸರ್ಕ್ಯೂಟ್ ಬೇಕು. ಎರಡನ್ನೂ ಮಾಡಿಕೊಟ್ಟವರು ಅಮೆರಿಕದ ಟಿಮೊಥಿ ಲ್ಯಾಂಬ್. ಕೀಬೋರ್ಡ್ ನುಡಿಸಲು ಬರುವವರು, ಬ್ಯಾಂಡ್‌ನಲ್ಲಿ ಇರುವವರು ಇದನ್ನು ನೋಡಬಹುದು. ಕೈಯಲ್ಲಿ ಹಿಡಿದ ಒಂದೇ ಯಂತ್ರದಿಂದ ಎಲ್ಲವನ್ನೂ ಹೊರಡಿಸುವ ಸೊಗಸು ಇದರಲ್ಲಿ ಇಲ್ಲ, ಹಾಗಾಗಿ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಈಗ ಯಂತ್ರಕ್ಕೆ ಬರೋಣ

ಮೊದಲ ಬೂದು ಗೇಮ್ ಬಾಯ್ ಅನ್ನು ಅದರ ಮಾದರಿ ಹೆಸರಿನಿಂದ ಡಿಎಂಜಿ ಎನ್ನುತ್ತಾರೆ. ಚಿಪ್‌ಟ್ಯೂನ್ ವೇದಿಕೆಗಳಲ್ಲಿ ಇದಕ್ಕೆ ಇರುವ ಗೌರವ ಬರೀ ಹಳೆಯದರ ಮೋಹ ಅಲ್ಲ. ಇದರ ಬೇಸ್ ಉಳಿದ ಮಾದರಿಗಳಿಗಿಂತ ದಪ್ಪ. ದೊಡ್ಡ ಸ್ಪೀಕರ್ ಮುಂದೆ ನಿಂತರೆ ವ್ಯತ್ಯಾಸ ಕಿವಿಗೆ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಗಾತ್ರವೂ ಅನುಕೂಲ. ಗುಂಡಿಗಳು ದೊಡ್ಡವು, ಎರಡೂ ಕೈ ತುಂಬುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಒಂದು ಕಾರ್ಯಕ್ರಮಕ್ಕೆ ಧಾರಾಳ.

ತೊಂದರೆಗಳೂ ಇವೆ. ತೆರೆಗೆ ಬೆಳಕಿಲ್ಲ, ಕತ್ತಲೆ ಕ್ಲಬ್‌ನಲ್ಲಿ ಏನೂ ಕಾಣುವುದಿಲ್ಲ. ಹಿಂದೆ ಬ್ಯಾಕ್‌ಲೈಟ್ ಹಾಕಿಸಲೇಬೇಕು. ಹಳೆಯ ತೆರೆಗಳಲ್ಲಿ ಉದ್ದುದ್ದ ಗೆರೆಗಳು ಮಾಯವಾಗುವ ರೋಗ ಸಾಮಾನ್ಯ. ಬೆಸುಗೆ ಕಡ್ಡಿಯಿಂದ ತೆರೆಯ ಕೆಳಗಿನ ಪಟ್ಟಿಯನ್ನು ಹದವಾಗಿ ಬಿಸಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸೆಲ್ ಸೋರಿ ತುಕ್ಕು ಹಿಡಿದದ್ದಂತೂ ಹಳೆಯ ಮಾಲಿನಲ್ಲಿ ಮಾಮೂಲು. ಕೊಳ್ಳುವ ಮೊದಲು ಸೆಲ್ ಇಡುವ ಜಾಗದ ಫೋಟೊ ಕೇಳಿ.

ಡಿಎಂಜಿ ತಗೊಂಡರೆ ಪ್ರೊಸೌಂಡ್ ಎಂಬ ಬದಲಾವಣೆ ಮಾಡಿಸುವುದು ಒಳ್ಳೆಯದು. ಹೆಡ್‌ಫೋನ್ ಕಿಂಡಿಗೆ ಬರುವ ದನಿ ಒಳಗಿನ ಒಂದು ಸಣ್ಣ ಆಂಪ್ಲಿಫೈಯರ್ ದಾಟಿ ಬರುತ್ತದೆ. ಗುಯ್‌ಗುಡುವ ಸದ್ದು ಸೇರಿಕೊಳ್ಳುವುದು ಅಲ್ಲೇ. ಅದಕ್ಕೂ ಮೊದಲೇ, ವಾಲ್ಯೂಮ್ ಚಕ್ರದ ಹತ್ತಿರದಿಂದಲೇ ಮೂರು ತಂತಿ ಎಳೆದು ಬೇರೆ ಕಿಂಡಿಗೆ ಕೊಟ್ಟರೆ ದನಿ ಶುದ್ಧವಾಗುತ್ತದೆ. ಬೆಸುಗೆ ಹಾಕಲು ಬರುವ ಯಾರಾದರೂ ಒಂದು ಸಂಜೆಯಲ್ಲಿ ಮಾಡಿಕೊಡುವ ಕೆಲಸ. ಇಂಥ ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಬೇರೆಲ್ಲೂ ನೋಡಿಲ್ಲ.

1996ರ ಗೇಮ್ ಬಾಯ್ ಪಾಕೆಟ್ ತೆಳ್ಳಗಿದೆ, ಚೆಂದವೂ ಇದೆ. ಆದರೆ ಬೇಸ್ ಸೊರಗಿದೆ. ಕುಣಿಸಲು ಬೇಡ. 1998ರಲ್ಲಿ ಜಪಾನಿನಲ್ಲಿ ಮಾತ್ರ ಬಂದ ಗೇಮ್ ಬಾಯ್ ಲೈಟ್‌ಗೆ ತೆರೆಯ ಬೆಳಕು ಹುಟ್ಟಿನಿಂದಲೇ ಇದೆ, ಆದರೆ ಸಂಗ್ರಹಕಾರರು ಅದರ ಬೆಲೆಯನ್ನು ಎಲ್ಲಿಗೋ ಏರಿಸಿಬಿಟ್ಟಿದ್ದಾರೆ.

ಡಿಎಂಜಿಗೆ ನಿಜವಾದ ಪೈಪೋಟಿ ಕೊಡುವುದು ಅದೇ 1998ರ ಗೇಮ್ ಬಾಯ್ ಕಲರ್. ಇದರ ಪ್ರೊಸೆಸರ್ ಎರಡು ಪಟ್ಟು ವೇಗದಲ್ಲಿ ಓಡಬಲ್ಲದು. ಎಲ್‌ಎಸ್‌ಡಿಜೆ ಅದನ್ನು ಪೂರ್ತಿ ಬಳಸಿಕೊಳ್ಳುತ್ತದೆ. ಡಿಎಂಜಿಯಲ್ಲಿ ಒಂದೇ ಹೊತ್ತಿಗೆ ದನಿ ತಿರುಚುವ ಟೇಬಲ್‌ಗಳು, ಕಮಾಂಡ್‌ಗಳು ಜಾಸ್ತಿಯಾದರೆ ಯಂತ್ರ ಏದುಸಿರು ಬಿಡುತ್ತದೆ, ತೆರೆಯ ಮೇಲೆ ‘ಟೂ ಬಿಝಿ’ ಎಂಬ ಎಚ್ಚರಿಕೆಯೂ ಬರುತ್ತದೆ. ಕಲರ್‌ನಲ್ಲಿ ಆ ತಾಪತ್ರಯ ಕಡಿಮೆ. ಗುಂಡಿ ಒತ್ತಿದ ತಕ್ಷಣ ತೆರೆ ಓಡುತ್ತದೆ. ಬೇಸ್ ಡಿಎಂಜಿಯಷ್ಟು ಇಲ್ಲ, ಹಿನ್ನೆಲೆಯ ಸುಯ್‌ಗುಡುವಿಕೆ ಸ್ವಲ್ಪ ಹೆಚ್ಚು. ಪ್ರೊಸೌಂಡ್ ಇದಕ್ಕೂ ಮಾಡಿಸಬಹುದು. ತೆರೆಗೆ ಇದರಲ್ಲೂ ಬೆಳಕಿಲ್ಲ. ಈಗ ಬೆಳಕಿರುವ ಹೊಸ ಐಪಿಎಸ್ ತೆರೆಗಳು ಸಿಗುತ್ತವೆ, ನೋಡಲು ಅದ್ಭುತ. ಆದರೆ ಅವು ಕರೆಂಟ್ ಹೆಚ್ಚು ಕುಡಿಯುತ್ತವೆ, ಕೆಲವು ಸಲ ತಮ್ಮದೇ ಕೀರಲು ಸದ್ದನ್ನು ದನಿಗೆ ಸೇರಿಸುತ್ತವೆ. ಹಾಕಿಸಿದ ಮೇಲೆ ವಾಲ್ಯೂಮ್ ಏರಿಸಿ, ಏನೂ ನುಡಿಸದೆ ಸುಮ್ನೆ ಕೇಳಿ ನೋಡಿ.

ಬರೆಯಲು ಕಲರ್, ನುಡಿಸಲು ಡಿಎಂಜಿ. ಎರಡನ್ನೂ ಕೊಳ್ಳುವ ಶಕ್ತಿ ಇದ್ದವರಿಗೆ ನನ್ನ ಸಲಹೆ ಇಷ್ಟೇ. ಎರಡರ ಲಿಂಕ್ ಕಿಂಡಿಗಳ ಅಳತೆ ಬೇರೆ ಬೇರೆ ಎಂಬುದು ನೆನಪಿರಲಿ. ಡಿಎಂಜಿಯದು ದೊಡ್ಡದು, ಪಾಕೆಟ್ ಮತ್ತು ಕಲರ್‌ನದು ಚಿಕ್ಕದು. ಒಂದು ತುದಿ ದೊಡ್ಡದು, ಇನ್ನೊಂದು ಚಿಕ್ಕದು ಇರುವ ಕೇಬಲ್ಲೋ ಅಡಾಪ್ಟರೋ ಬೇಕಾಗುತ್ತದೆ. ಹಾಡು ಕಲರ್‌ನಲ್ಲಿ ಬರೆದರೆ ಒಮ್ಮೆ ಡಿಎಂಜಿಯಲ್ಲಿ ಮೊದಲಿನಿಂದ ಕೊನೆತನಕ ಓಡಿಸಿ ನೋಡಿ. ಕಲರ್ ಸಲೀಸಾಗಿ ಹೊತ್ತ ಭಾರವನ್ನು ಡಿಎಂಜಿ ಹೊರದೇ ಹೋಗಬಹುದು.

2001ರ ಗೇಮ್ ಬಾಯ್ ಅಡ್ವಾನ್ಸ್ ಹಳೆಯ ಕಾರ್ಟ್ರಿಜ್‌ಗಳನ್ನೂ, ಅಂದರೆ ಪ್ರೋಗ್ರಾಂ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಪೆಟ್ಟಿಗೆಗಳನ್ನೂ, ಓಡಿಸುತ್ತದೆ. ಆದರೆ ದನಿ ಡಿಜಿಟಲ್ ದಾರಿಯಲ್ಲಿ ಹಾದು ಬರುವುದರಿಂದ ಹಿಂದೆ ಒಂದು ಸಿಳ್ಳೆಯಂಥ ಸದ್ದು ಇರುತ್ತದೆ. 2003ರ ಎಸ್‌ಪಿ ಮಾದರಿಯಲ್ಲಿ ತೆರೆಗೆ ಬೆಳಕಿದೆ, ಚಾರ್ಜ್ ಮಾಡುವ ಬ್ಯಾಟರಿ ಇದೆ, ಮಡಚಿ ಜೇಬಿಗೆ ಹಾಕಬಹುದು. ಹೆಡ್‌ಫೋನ್ ಕಿಂಡಿಯೇ ಇಲ್ಲ. ಅಡಾಪ್ಟರ್ ಸಿಕ್ಕಿಸಬೇಕು. ಪ್ರಯಾಣದಲ್ಲಿ ಹಾಡು ಬರೆಯಲು ಎಸ್‌ಪಿಯಂಥದ್ದು ಇನ್ನೊಂದಿಲ್ಲ, ವೇದಿಕೆಗೆ ಬೇಡ. ಇದಕ್ಕೆ ಒಂದು ವಿನಾಯಿತಿ: ನ್ಯಾನೊಲೂಪ್‌ನ ಎರಡನೆಯ ಆವೃತ್ತಿ ಮಾಡಿರುವುದೇ ಅಡ್ವಾನ್ಸ್‌ಗೆ. ಅದರಲ್ಲಿ ಎಫ್‌ಎಂ ಸಿಂತಸಿಸ್ (ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ದನಿ ಹುಟ್ಟಿಸುವ ಬಗೆ) ಇದೆ, ಹಳೆಯ ನಾಲ್ಕು ಚಾನೆಲ್‌ಗಳಲ್ಲಿ ಸಿಗದ ಗಂಟೆಯಂಥ, ಲೋಹದಂಥ ದನಿಗಳು ಬರುತ್ತವೆ. ಅದನ್ನು ನುಡಿಸಬೇಕೆಂದರೆ ಅಡ್ವಾನ್ಸ್ ಕಾರ್ಟ್ರಿಜ್ ಓಡಿಸುವ ಯಂತ್ರ ಬೇಕೇ ಬೇಕು. ನಿಂಟೆಂಡೊ ಡಿಎಸ್‌ನಲ್ಲಿ ಹಳೆಯ ಗೇಮ್ ಬಾಯ್ ಕಾರ್ಟ್ರಿಜ್ ಓಡುವುದಿಲ್ಲ. ಎಲ್‌ಎಸ್‌ಡಿಜೆಗೆಂದು ಡಿಎಸ್ ಕೊಳ್ಳಬೇಡಿ.

2021ರ ಕೊನೆಯಲ್ಲಿ ಬಂದ ಅನಲಾಗ್ ಪಾಕೆಟ್ ಬಗ್ಗೆಯೂ ಕೇಳುತ್ತಾರೆ. ಹಳೆಯ ಯಂತ್ರವನ್ನು ಹೊಸ ಚಿಪ್ಪಿನಲ್ಲಿ ಮರುಸೃಷ್ಟಿ ಮಾಡಿದ ಸಾಧನ ಅದು. ತೆರೆ ಬಹಳ ಸ್ಪಷ್ಟ, ಒಳಗೇ ನ್ಯಾನೊಲೂಪ್ ಇದೆ, ಹಳೆಯ ಕಾರ್ಟ್ರಿಜ್‌ಗಳೂ ಕೂರುತ್ತವೆ. ಮೂವತ್ತು ವರ್ಷ ಹಳೆಯ ಯಂತ್ರವನ್ನು ರಿಪೇರಿ ಮಾಡಿಕೊಂಡು ಕೂರಲು ಆಗದವರಿಗೆ ಒಳ್ಳೆಯ ಆಯ್ಕೆ.

ಗೇಮ್ ಬಾಯ್ ಬಿಟ್ಟು ಹೊರಗೆ ನೋಡುವವರಿಗೆ ಎರಡು ಮಾತು. ನಿಂಟೆಂಡೊ ಡಿಎಸ್‌ಗೆ 2008ರಲ್ಲಿ ಬಂದ ಕೋರ್ಗ್ ಡಿಎಸ್-10ರಲ್ಲಿ ಎರಡು ಸಿಂತ್ (ದನಿ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ), ನಾಲ್ಕು ಡ್ರಮ್ ಇವೆ. ಟಚ್ ತೆರೆಯ ಮೇಲೆ ಬೆರಳಾಡಿಸಿ ದನಿ ತಿರುಚಬಹುದು. ಸೋನಿ ಪಿಎಸ್‌ಪಿಯಲ್ಲಿ ಲಿಟಲ್ ಪಿಗ್ಗಿ ಟ್ರ್ಯಾಕರ್ ಓಡುತ್ತದೆ. ಅದರಲ್ಲಿ ಎಂಟು ಚಾನೆಲ್, ಯಾವ ಸದ್ದನ್ನು ಬೇಕಾದರೂ ತುಂಬಬಹುದು. ನಡೆ ಮಾತ್ರ ಎಲ್‌ಎಸ್‌ಡಿಜೆಯದೇ. ಡೊಳ್ಳಿನ ಏಟನ್ನೋ ತಮಟೆಯ ಏಟನ್ನೋ ರೆಕಾರ್ಡ್ ಮಾಡಿ ಟೆಕ್ನೊ ಕಟ್ಟುವ ಆಸೆ ಇದ್ದರೆ ಪಿಗ್ಗಿಯನ್ನು ಆರಿಸಿ. ಗೇಮ್ ಬಾಯ್‌ನ ವೇವ್ ಚಾನೆಲ್‌ನಲ್ಲೂ ಇಂಥ ರೆಕಾರ್ಡ್ ಮಾಡಿದ ಸದ್ದು, ಅಂದರೆ ಸ್ಯಾಂಪಲ್, ಕೂರಿಸಬಹುದು, ಆದರೆ ದನಿ ಸವೆದು ಒರಟಾಗುತ್ತದೆ.

ಕಾರ್ಟ್ರಿಜ್ ಆರಿಸುವಾಗ ಜಿಪುಣತನ ಬೇಡ

ಎಲ್‌ಎಸ್‌ಡಿಜೆ ನಿಮಗೆ ಫೈಲ್ ಆಗಿ ಸಿಗುತ್ತದೆ. ಅದನ್ನು ತುಂಬಲು ಖಾಲಿ ಫ್ಲ್ಯಾಶ್ ಕಾರ್ಟ್ರಿಜ್ ಬೇಕು. ಇಲ್ಲಿ ನೋಡಬೇಕಾದ ಅಂಕಿ ಒಂದೇ: ಹಾಡು ಉಳಿಸುವ ಮೆಮೊರಿ 128 ಕಿಲೊಬೈಟ್ ಇರಬೇಕು. ಅಗ್ಗದ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ 32 ಮಾತ್ರ ಇರುತ್ತದೆ, ಎಲ್‌ಎಸ್‌ಡಿಜೆಗೆ ಅದು ಸಾಲದು.

ಆ ಮೆಮೊರಿಯನ್ನು ಜೀವಂತ ಇಡುವುದು ಒಳಗಿನ ಬಟನ್ ಸೆಲ್. ಸೆಲ್ ಸತ್ತರೆ ಹಾಡುಗಳೂ ಹೋದವು. ಎಫ್‌ರ್ಯಾಮ್ ಎಂಬ ಮೆಮೊರಿ ಇರುವ ಕಾರ್ಟ್ರಿಜ್ ಸಿಕ್ಕರೆ ಸೆಲ್‌ನ ಚಿಂತೆಯೇ ಇಲ್ಲ, ಎರಡು ಕಾಸು ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಎವರ್‌ಡ್ರೈವ್‌ನಂಥ ಎಸ್‌ಡಿ ಕಾರ್ಡ್ ಕಾರ್ಟ್ರಿಜ್‌ಗಳು ಬ್ಯಾಕಪ್‌ಗೆ ಬಹಳ ಸುಲಭ. ಕೆಲವು ಮಾದರಿಗಳಲ್ಲಿ ಮೆನುವಿಗೆ ವಾಪಸ್ ಬಂದರೆ ಮಾತ್ರ ಕೆಲಸ ಕಾರ್ಡ್‌ಗೆ ಉಳಿಯುತ್ತದೆ, ಕೊಳ್ಳುವ ಮೊದಲು ಓದಿಕೊಳ್ಳಿ. ಯಾವುದೇ ಇರಲಿ, ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇರಲೇಬೇಕು.

ನಮ್ಮ ಊರಿನಿಂದ ಶುರು ಮಾಡುವವರಿಗೆ

ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ಮನೆಯಲ್ಲಿದೆ, ಅದು ಆಗುತ್ತದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದಕ್ಕೆ ಕಾರ್ಟ್ರಿಜ್ ಹಾಕುವ ಜಾಗವೇ ಇಲ್ಲ. ಗೇಮ್ ಬಾಯ್ ಅನ್ನು ಬಹುಪಾಲು ಜಪಾನಿನಿಂದಲೋ ಅಮೆರಿಕದಿಂದಲೋ ತರಿಸಬೇಕು, ಸಾಗಣೆ ಮತ್ತು ಸುಂಕ ಸೇರಿ ಬೆಲೆ ಏರುತ್ತದೆ. ಅಲ್ಲಿರುವ ನೆಂಟರು ಯಾರಾದರೂ ಊರಿಗೆ ಬರುವಾಗ ತರಿಸಿಕೊಳ್ಳುವುದು ಜಾಣತನ. ಜಪಾನಿನ ಅಡಾಪ್ಟರ್ ಜೊತೆಗೆ ಬಂದರೆ ಅದನ್ನು ಇಲ್ಲಿನ ಪ್ಲಗ್‌ಗೆ ಹಾಕಲೇಬೇಡಿ. ಅಲ್ಲಿನ ಕರೆಂಟ್ 100 ವೋಲ್ಟ್, ನಮ್ಮದು 230.

ದುಡ್ಡು ಸುರಿಯುವ ಮೊದಲು ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರನ್ನೇ ಗೇಮ್ ಬಾಯ್‌ನಂತೆ ನಡೆಸುವ ಪ್ರೋಗ್ರಾಂನಲ್ಲಿ, ಕಲಿಯಿರಿ. ಕಂಪ್ಯೂಟರ್‌ನಲ್ಲಿ ಸೇಮ್‌ಬಾಯ್ ಅಥವಾ ಬಿಜಿಬಿ ಹಾಕಿಕೊಂಡು ಎಲ್‌ಎಸ್‌ಡಿಜೆಯ ಉಚಿತ ಡೆಮೊ ಓಡಿಸಬಹುದು. ನ್ಯಾನೊಲೂಪ್ ಆಂಡ್ರಾಯ್ಡ್ ಫೋನಿಗೂ ಐಫೋನಿಗೂ ಬಂದಿದೆ. ಒಂದು ಪೂರ್ತಿ ಹಾಡು ಮುಗಿಸಿದ ಮೇಲೆ ನಿಮಗೆ ಅಂಕಿಗಳ ಸಾಲು ಇಷ್ಟವೋ, 16 ಚೌಕ ಇಷ್ಟವೋ ಎನ್ನುವುದು ತಾನಾಗಿ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಮೊದಲ ಖರ್ಚು ಎಲ್‌ಎಸ್‌ಡಿಜೆ, ಒಳ್ಳೆಯ ಕಾರ್ಟ್ರಿಜ್, ಒಂದು ಗೇಮ್ ಬಾಯ್ ಕಲರ್. ಯಾರಾದರೂ ವೇದಿಕೆಗೆ ಕರೆದ ದಿನ ಡಿಎಂಜಿ ಹುಡುಕಿ.

ವೇದಿಕೆಗೆ ಹೋಗುವಾಗ ದನಿಯ ಬಗ್ಗೆ ಎರಡು ವಿಷಯ ನೋಡಿಕೊಳ್ಳಿ. ಗೇಮ್ ಬಾಯ್‌ನಲ್ಲಿ ಒಂದು ಚಾನೆಲ್ ಎಡಕ್ಕೆ, ಬಲಕ್ಕೆ ಅಥವಾ ಎರಡೂ ಕಡೆಗೆ ಮಾತ್ರ ಹೋಗಬಲ್ಲದು, ನಡುವಿನ ಹಂತಗಳಿಲ್ಲ. ಕಿಕ್ ಮತ್ತು ಬೇಸ್ ಎರಡೂ ಕಡೆ ಇರಲಿ, ಇಲ್ಲದಿದ್ದರೆ ಒಂದು ಬದಿಯಲ್ಲಿ ನಿಂತವರಿಗೆ ಹಾಡಿನ ಅರ್ಧ ಕೇಳುವುದಿಲ್ಲ. ಶೇ 12.5ರ ಪಲ್ಸ್ ಹೆಡ್‌ಫೋನ್‌ನಲ್ಲಿ ಚೆಂದ, ದೊಡ್ಡ ಸ್ಪೀಕರ್‌ನಲ್ಲಿ ಕಿವಿ ಚುಚ್ಚುತ್ತದೆ. ಸೌಂಡ್ ಚೆಕ್ ಹೊತ್ತಿಗೆ ಅದನ್ನೇ ಮೊದಲು ನುಡಿಸಿ, ಮಿಕ್ಸರ್ ಮುಂದೆ ಕೂತವರಿಗೆ ಟ್ರೆಬಲ್ ಇಳಿಸಲು ಹೇಳಿ. ಕಾರ್ಟ್ರಿಜ್‌ನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಅಲ್ಲಿ ಕೊಳೆ ಇದ್ದರೆ ಕುಣಿಯುವಾಗಿನ ಒಂದು ಅಲುಗಾಟಕ್ಕೇ ಹಾಡು ನಿಂತುಹೋಗುತ್ತದೆ. ಗೋಡೆಯ ಕರೆಂಟ್‌ನಿಂದ ಗುಯ್‌ಗುಡುವ ಸದ್ದು ಸೇರುವ ಸಂಭವ ಇರುವುದರಿಂದ ವೇದಿಕೆಯಲ್ಲಿ ಸೆಲ್ ಮೇಲೆಯೇ ಓಡಿಸಿ, ಹೊಸ ನಾಲ್ಕು ಸೆಲ್ ಜೇಬಿನಲ್ಲಿ ಇಟ್ಟುಕೊಳ್ಳಿ.